ಮೂಲ ಅಸ್ಪಷ್ಟ

ಸೊಲ್ಲಾಪುರದ ಹೋಟಗಿ ರಸ್ತೆಯ ಈ ಪುಟ್ಟ ವಿಮಾನ ನಿಲ್ದಾಣದಲ್ಲಿ
ಒಂಬತ್ತು ವರ್ಷ ಬೆಂಕಿಗೆ ಕಾದಿದ್ದೇನೆ.
ಬಂದದ್ದು ಎರಡೇ ಸಲ:
ಒಮ್ಮೆ ಒಣಹುಲ್ಲು, ಒಮ್ಮೆ ಕ್ಯಾಂಟೀನಿನ ಸ್ಟವ್.
ಬರದೇ ಇರಲಿ ಎಂದೇ ದಿನಾ ಬೂಟು ಕಟ್ಟುತ್ತೇವೆ,
ಹತ್ತು ಸಾವಿರ ಲೀಟರ್ ನೀರು ಹೊತ್ತ ಗಾಡಿಯನ್ನು
ಕಾರಹುಣ್ಣಿಮೆಯ ಎತ್ತಿನ ಹಾಗೆ ಒರೆಸುತ್ತೇವೆ.

ಹೆಸರಿನ ಮುಂದೆ ನಾಲ್ಕು ಅಕ್ಷರ ಬೇಕಾದರೆ
ಸಂಶೋಧನೆ ಮಾಡು ಎಂದಿತು ಪರೀಕ್ಷಾ ಮಂಡಳಿ.
ವಿಷಯ ಬರೆದೆ:
ಮಳೆಗಾಲದ ಎರೆಮಣ್ಣಿನಲ್ಲಿ ಭಾರೀ ಅಗ್ನಿವಾಹನದ ಚಲನೆ.
ಪುಸ್ತಕ ಹೇಳುತ್ತದೆ, ಮೂರು ನಿಮಿಷ.
ರನ್‌ವೇ ಮೇಲೆ ಆ ಮೂರು ನಿಮಿಷ ನಮ್ಮದೇ.
ವಿಮಾನ ಪಕ್ಕಕ್ಕೆ ಜಾರಿದರೆ?
ಒದ್ದೆಯಾದ ಈ ನೆಲ
ಚಪ್ಪಲಿಯನ್ನೂ ಬಿಟ್ಟುಕೊಡುವುದಿಲ್ಲ,
ಇಪ್ಪತ್ತೆಂಟು ಟನ್ನಿನ ಗಾಡಿಯನ್ನು ಬಿಟ್ಟೀತೇ.

ಆಷಾಢ ಪೂರ್ತಿ ಡ್ಯೂಟಿ ಮುಗಿಸಿ
ಸಲಾಕೆ ಹಿಡಿದು ನಡೆದೆ.
ನೂರಾ ನಲವತ್ತು ಕಡೆ ಚುಚ್ಚಿ,
ಇಳಿದ ಆಳ, ಮಣ್ಣಿನ ತೇವ, ನಿನ್ನೆಯ ಮಳೆ
ಪ್ಲಾಸ್ಟಿಕ್ ಹೊದಿಸಿದ ವಹಿಯಲ್ಲಿ ಬರೆದುಕೊಂಡೆ.

ಹುಲ್ಲು ಕೊಯ್ಯುವ ಗುತ್ತಿಗೆಯ ಸುಗಲವ್ವ
ಕುಡಗೋಲು ಕೆಳಗಿಟ್ಟು ನೋಡಿದಳು.
"ಯಾಕೋ ತಮ್ಮಾ, ಭೂಮಿತಾಯಿಗೆ ಇಂಜೆಕ್ಷನ್ ಮಾಡಾಕತ್ತಿಯೇನು?
ಯಾ ಬ್ಯಾನಿ ಬಂದೈತಿ?"
ಹೇಳಿದೆ. ಗಾಡಿ, ಭಾರ, ಮೂರು ನಿಮಿಷ.
ಆಕೆ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ
ಮುಂದೆ ಮುಂದೆ ನಡೆದಳು.
"ಇಲ್ಲಿ ಎರಡು ಬೆರಳಿಗೆ ಗರಸು. ನಿನ್ನ ಗಾಡಿ ಏನ, ರೈಲೇ ನಿಲ್ತೈತಿ.
ಅಲ್ಲಿ ಬರೀ ಎರಿ, ನಾದಿದ ಕಣಕ.
ಅಗೋ, ದಟ್ಟ ಹುಲ್ಲ ಕಾಣ್ತೈತಲ್ಲ,
ಬ್ಯಾಸಿಗ್ಯಾಗೂ ಹಸರ ಇರ್ತೈತಿ,
ಅಲ್ಲಿ ಮಾತ್ರ ಹೋಗಬ್ಯಾಡ. ಅದು ನಮ್ಮ ಬಾವಿ."

ಬಾವಿ?

"ಹೊಲ ಹ್ವಾದ ವರ್ಷ ಮುಚ್ಚಿದ್ರು. ಎಂಟು ಟ್ರಕ್ ಮಣ್ಣು.
ಸೆಲಿ ಮುಚ್ಚತೈತೇನು?"

ನನ್ನ ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ.
ಸಲಾಕೆ ಹಿಡಿಕೆಯವರೆಗೂ ಇಳಿಯಿತು.
ಮೇಲೆತ್ತಿದಾಗ ತುದಿ ತಣ್ಣಗಿತ್ತು.

ಉಳಿದದ್ದು ಸುಲಭ ಅಂದುಕೊಂಡೆ, ಬರೆಯುವುದು ತಾನೇ.
ರಾತ್ರಿಪಾಳಿಯಲ್ಲಿ, ಹೆಲ್ಮೆಟ್ಟು ಪಕ್ಕಕ್ಕಿಟ್ಟು,
ಒಂದೇ ಬೆರಳಿನಲ್ಲಿ ಟೈಪು ಮಾಡುತ್ತ
ಕೊನೆಯ ಪುಟಕ್ಕೆ ಬಂದು ಹೂತುಬಿಟ್ಟೆ.
ಆಕರಗಳ ಪಟ್ಟಿ: ಲೇಖಕ, ವರ್ಷ, ಪ್ರಕಾಶಕ, ಪುಟ.
ಸುಗಲವ್ವನನ್ನು ಯಾವ ಖಾನೆಗೆ ಹಾಕಲಿ?
ಕೇಳಿದರೆ, "ನನ್ನ ಹೆಸರು ಯಾಕ?
ಅತ್ತಿ ಹೆಸರ ಹಾಕು, ಶಿವಲಿಂಗವ್ವ ಅಂತ.
ಕಲ್ಲ ಹೊತ್ತಾಕಿ ಆಕಿ. ನಾ ಬರೀ ನೀರ ಸೇದೀನಿ."
ವರ್ಷ? "ಆ ವರ್ಷ ಜ್ವಾಳ ಭಾಳ ಬೆಳದಿತ್ತು."

ಹಾಗೇ ಬರೆದೆ.
ಶಿವಲಿಂಗವ್ವ. ವರ್ಷ ತಿಳಿಯದು.
ಬಾಯಿಮಾತು, ಸೊಸೆಯ ಮೂಲಕ.

ಪರೀಕ್ಷಕರು ದಿಲ್ಲಿಯಿಂದ ಕೆಂಪು ಗೆರೆ ಎಳೆದು ಕಳಿಸಿದರು:
ಮೂಲ ಅಸ್ಪಷ್ಟ.
ಎರಡು ದಿನ ಆ ಎರಡು ಪದ ನೋಡುತ್ತ ಕೂತೆ.
ಹೌದು ಸಾಹೇಬರೇ, ಎಂಟು ಟ್ರಕ್ ಮಣ್ಣಿನಡಿ ಇದೆ;
ಆದರೂ ಜಿನುಗುತ್ತದೆ.
ಇದನ್ನು ಬರೆಯಲಿಲ್ಲ. ಸಲಾಕೆಯ ಅಂಕಿಗಳನ್ನು ಕಳಿಸಿದೆ,
ದತ್ತಾನ ಫೋನಿನಲ್ಲಿದ್ದ ಮೇ ತಿಂಗಳ ಹುಲ್ಲಿನ ಫೋಟೋ ಕಳಿಸಿದೆ.
ಆ ಸಾಲನ್ನು ಅಳಿಸಲಿಲ್ಲ.

ಪಾಸಾದೆ. ಅಂಕ ಅಷ್ಟಕ್ಕಷ್ಟೆ.
ಪ್ರಮಾಣಪತ್ರ ಇನ್ನೂ ಅಂಚೆಯಲ್ಲಿದೆ.
ಸಾತ್ ರಸ್ತಾದ ಅಂಗಡಿಯಲ್ಲಿ ಎರಡು ಪ್ರತಿ ಬೈಂಡು ಮಾಡಿಸಿದೆ.
ಒಂದು ಠಾಣೆಗೆ. ಇನ್ನೊಂದರಲ್ಲಿ
ಅತ್ತೆಯ ಹೆಸರು ಎಲ್ಲಿದೆ ಎಂದು ಕೇಳಿ, ಬೆರಳು ಒರೆಸಿಕೊಂಡು ಮುಟ್ಟಿ,
"ಎಷ್ಟ ಸಣ್ಣದಾಗಿ ಬರದಿ" ಎಂದಳು ಸುಗಲವ್ವ.

ಇವತ್ತು ಬೆಳಿಗ್ಗೆ ಸೈರನ್ ಕೂಗಿತು. ಅಣಕು ಕರೆ.
ದತ್ತಾ ಗೇರು ಬದಲಿಸಿದ, ಹುಲ್ಲಿಗೆ ಇಳಿದೆವು.
ಗೋಡೆಯ ನಕ್ಷೆಯಲ್ಲಿ ಇನ್ನೂ ಏನೂ ಇಲ್ಲದ ಕಡೆ
ಅವನು ಸ್ಟೇರಿಂಗನ್ನು ಒಂದು ಗೇಣು ಎಡಕ್ಕೆ ತಿರುಗಿಸಿದ,
ಮಲಗಿದವರನ್ನು ದಾಟದೆ ಬಳಸಿ ಹೋಗುವ ಹಾಗೆ.
ಎರಡು ನಿಮಿಷ ನಲವತ್ತೊಂದು ಸೆಕೆಂಡು.
ವಹಿ ತೆಗೆದು ಬರೆದುಕೊಂಡೆ.